ಹನ್ನೆರಡು ನಿಮಿಷದ ಕೈ

ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ಬಯಲಿನ ಗದ್ದೆಗಳಲ್ಲಿ ಕೂಳೆ ಮಾತ್ರ ನಿಂತಿತ್ತು. ಚಳಿ ಹೋಗಿ ಬಿಸಿಲು ಇನ್ನೂ ಬಲಿಯದ ಆ ನಡುವಿನ ದಿನಗಳಲ್ಲಿ ಗಾಳಿ ಎದ್ದಿತೆಂದರೆ ಒಕ್ಕಿದ ಕಣಗಳ ಹೊಟ್ಟೆಲ್ಲ ಊರ ಮೇಲೆ ಹಾರುತ್ತಿತ್ತು. ಅದಕ್ಕೇ ಪರೀಕ್ಷೆಯ ಕೋಣೆಯ ಮೂರೂ ಕಿಟಕಿಗಳನ್ನು ಮುಚ್ಚಿ, ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದ್ದರು. ಒಳಗೆ ಸೆಕೆ. ಗೋಡೆಯಿಂದ ಗೋಡೆಗೆ ಹಾಕಿದ ಕಬ್ಬಿಣದ ಸರಳಿನಲ್ಲಿ ನೀರು ತುಂಬಿದ ಗ್ಲೌಸುಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದರಲ್ಲೂ ಒಂದು ಲೀಟರ್ ನೀರು. ಐದೂ ಬೆರಳು ಬಿಗಿದುಕೊಂಡು, ಈಗಷ್ಟೇ ಕರು ಹಾಕಿದ ಎಮ್ಮೆಯ ಕೆಚ್ಚಲಿನ ಹಾಗೆ ಜೋತಿದ್ದವು.

"ಕರೆದುಬಿಡೋಣವಾ ನೀರಕ್ಕಾ? ಸಂಜೆ ಕಾಫಿಗಾಗುತ್ತೆ," ಎಂದ ಮೀಸೆ ಮಾವ, ಎಡಗೈಲಿ ಗಡಿಯಾರ ಹಿಡಿದುಕೊಂಡು.

"ನೀವು ಮೊದಲು ಹೊತ್ತು ನೋಡಿ ಮಾವ. ನಿನ್ನೆ ಮಾತಾಡ್ತಾ ಮಾತಾಡ್ತಾ ಎರಡು ನಿಮಿಷ ಐದಾಗಿತ್ತು."

"ಐದು ನಿಮಿಷ ಸೋರದೇ ಇದ್ದದ್ದು ಎರಡರಲ್ಲಿ ಸೋರುತ್ತೇನಮ್ಮಾ?"

ಹೀಗೇ ಅವರ ಬೆಳಗು. ಹಿಂದೆ ಎಣ್ಣೆ ಗಿರಣಿಯಾಗಿದ್ದ ಆ ಕಟ್ಟಡದ ಮಹಡಿಯಲ್ಲಿ ಈಗ ಸುತ್ತಲಿನ ಆಸ್ಪತ್ರೆಗಳು ಕೊಳ್ಳುವ ಗ್ಲೌಸುಗಳ ತಾಳಿಕೆಯನ್ನು ನೋಡುತ್ತಿದ್ದರು. ಇದ್ದವರು ಮೂರೇ ಜನ. ಬರೆದು ಸೀಲು ಹಾಕಲು ಮೇಡಂ. ಹೊತ್ತು ನೋಡಿ ಒದ್ದೆಯಾದುದನ್ನು ಎಣಿಸಲು ಮೀಸೆ ಮಾವ. ಹಾಕಿಕೊಂಡು ನೋಡಲು ನೀರಕ್ಕ. ನೀರು ತುಂಬಿ ತುಂಬಿ ಬಂದ ಹೆಸರು ಅದು. ಮೀಸೆ ಮಾವ ಇದೇ ಕಟ್ಟಡದ ಕೆಳಗೆ ಗಾಣ ತಿರುಗುತ್ತಿದ್ದಾಗ ಬಲಗೈಯ ಎರಡು ಬೆರಳು ಕಳೆದುಕೊಂಡವನು. ಕೋಣೆಯೊಳಗೆ ಆ ಕೈಯನ್ನು ಯಾವ ನಾಚಿಕೆಯೂ ಇಲ್ಲದೆ ಆಡಿಸುತ್ತಿದ್ದ. ಮೆಟ್ಟಿಲಿಳಿದು ಬೀದಿಗೆ ಬಿದ್ದರೆ ಅದು ಜೇಬಿನೊಳಗೆ ಹೋಗಿ ಕೂರುತ್ತಿತ್ತು. ಊರಿನಲ್ಲಿ ಅರ್ಧ ಜನ ಅವನ ಮೀಸೆ ನೋಡಿದ್ದರು, ಕೈ ನೋಡಿರಲಿಲ್ಲ.

ಡಬ್ಬದಿಂದ ತೆಗೆದ ಹೊಸ ಗ್ಲೌಸಿಗೆ ನೀರು ತುಂಬಿದರೆ ಯಾವುದೂ ಸೋರುವುದಿಲ್ಲ. ರಬ್ಬರಿನದು, ನೀಲಿ ನೈಟ್ರೈಲಿನದು, ಗಾಜಿನ ಹಾಗೆ ಕಾಣುವ ವಿನೈಲಿನದು, ಮೂರೂ ಒಂದೇ. ಗುಣ ತಿಳಿಯುವುದು ಹಾಕಿಕೊಂಡು ದುಡಿದ ಮೇಲೆ. ಅದಕ್ಕೆಂದು ನೀರಕ್ಕನ ಮುಂದೆ ಒಂದು ಹಲಗೆ ಇತ್ತು. ಹಿತ್ತಾಳೆಯ ನಾಲ್ಕು ನಲ್ಲಿ ತಿರುಗಿಸಬೇಕು, ಸಿರಿಂಜಿಗೆ ಸೂಜಿ ಸಿಕ್ಕಿಸಿ ತೆಗೆಯಬೇಕು, ದಾರಕ್ಕೆ ಹತ್ತು ಗಂಟು ಬಿಗಿಯಬೇಕು, ಅಂಟುಪಟ್ಟಿ ಹರಿದು ಅಂಟಿಸಿ ಕೀಳಬೇಕು, ಮರದ ತೋಳಿಗೆ ಬ್ಯಾಂಡೇಜು ಸುತ್ತಬೇಕು. ಒಟ್ಟು ಹನ್ನೆರಡು ನಿಮಿಷ. ಆಮೇಲೆ ಕಳಚಿ, ನೀರು ತುಂಬಿ, ತೂಗು ಹಾಕಿ, ಎರಡು ನಿಮಿಷ ಕಾಯುವುದು. "ಯಂತ್ರ ಬರೋವರೆಗೂ ನೀವೇ ನಮ್ಮ ಯಂತ್ರ ಅಕ್ಕಾ," ಎಂದಿದ್ದರು ಮೇಡಂ, ಸೇರಿದ ದಿನ. ಆರು ವರ್ಷವಾದರೂ ಯಂತ್ರ ಬಂದಿರಲಿಲ್ಲ.

ಆ ಕೆಲಸಕ್ಕೆ ಅವಳನ್ನು ಸೇರಿಸಿದವಳು ತಂಗಿ. ಊರ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸು. ಅಕ್ಕನಿಗೆ ಓದು ನಾಲ್ಕನೇ ತರಗತಿ, ಗೊತ್ತಿದ್ದದ್ದು ಕಳೆ ಕೀಳುವುದು, ಹೊರೆ ಕಟ್ಟುವುದು. ಮೇಡಂ ಅನುಮಾನಿಸಿದಾಗ ತಂಗಿ ಅವರ ಮೇಜಿನ ಮುಂದೆ ನಿಂತು, "ಓದು ಕೇಳ್ಬೇಡಿ ಮೇಡಂ. ನಮ್ಮಕ್ಕನ ಕೈ ಸುಳ್ಳು ಹೇಳಲ್ಲ. ಅದಕ್ಕೆ ನಾನು ಜವಾಬ್ದಾರಿ," ಎಂದಿದ್ದಳು. ಆ ಮಾತಿನ ಮೇಲೆ ಸಿಕ್ಕ ಕೆಲಸ ಅದು. ನೀರಕ್ಕ ಅದನ್ನು ಒಂದು ದಿನವೂ ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಎಂದು ಈಗೀಗ ಅನಿಸುತ್ತಿತ್ತು.

ಅನಿಸುವುದಕ್ಕೆ ಕಾರಣವಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ವಿನೈಲಿನ ಹೊಸ ಲಾಟೊಂದು ಬಂದಿತ್ತು. ಅಗ್ಗದ ಮಾಲು. ಐವತ್ತರಲ್ಲಿ ಇಪ್ಪತ್ತೆರಡು ಸೋರಿದವು. ವಾರದಲ್ಲಿ ಕಂಪನಿಯವನೊಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕಾಗದ ನೋಡಲಿಲ್ಲ, ಗ್ಲೌಸೂ ನೋಡಲಿಲ್ಲ. ನೇರ ನೀರಕ್ಕನ ಹತ್ತಿರ ಬಂದು ಅವಳ ಮಣಿಕಟ್ಟು ಹಿಡಿದು, ಅಂಗೈಯನ್ನು ದೀಪದ ಕೆಳಗೆ ಮಗುಚಿದ.

"ಇದನ್ನ ನೋಡಿ ಮೇಡಂ. ಇದು ಡಾಕ್ಟರ ಕೈಯಾ, ನರ್ಸಿನ ಕೈಯಾ? ಈ ಜಡ್ಡು, ಈ ಬಿರುಕು, ಈ ಉಗುರು! ಇಂಥ ಕೈ ತೂರಿಸಿದ್ರೆ ಕಬ್ಬಿಣದ ಗ್ಲೌಸೂ ಹರಿಯುತ್ತೆ."

ಮೇಡಂ ಒಳ್ಳೆಯವರು, ಆದರೆ ಜಗಳ ಕಂಡರಾಗದವರು. ಮಾತನ್ನು ತಿಳಿ ಮಾಡಲು ನಕ್ಕು, "ನಮ್ಮಕ್ಕನ ಕೈ ಕೈಯಲ್ಲ ಸಾರ್, ಮರ ಉಜ್ಜೋ ಅರ. ಬಡಗಿಗಳು ಬಾಡಿಗೆಗೆ ಕೇಳ್ತಾರೆ," ಎಂದುಬಿಟ್ಟರು.

ಅವನು ನಕ್ಕ. ಮೀಸೆ ಮಾವ ಹೆಂಚಿನ ಕಡೆ ನೋಡಿದ. ನೀರಕ್ಕ ಕೂಡ ನಕ್ಕಳು; ಎಲ್ಲರೂ ನಗುವಾಗ ತನ್ನ ಕೈಯನ್ನು ತಾನೇ ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡುವುದೆಂದು ಮಾತಾಯಿತು.

ಆ ಎರಡು ವಾರ ಅವಳು ಕೈಯನ್ನು ಮನೆಗೆ ಬಂದ ನೆಂಟರ ಹಾಗೆ ನೋಡಿಕೊಂಡಳು. ಬಿಸಿನೀರಲ್ಲಿ ನೆನೆಸಿ ಕಲ್ಲಿನಿಂದ ತಿಕ್ಕಿದಳು. ಎಣ್ಣೆ ಹಚ್ಚಿದಳು. ಉಗುರನ್ನು ರಕ್ತ ಬರುವಷ್ಟು ಕತ್ತರಿಸಿಕೊಂಡಳು. "ಏನೇ ಇದು, ಮದುವೆಹೆಣ್ಣಿನ ಹಾಗೆ?" ಎಂದು ಗಂಡ ನಕ್ಕರೆ ಸಿಡಿದುಬಿದ್ದಳು. ಪರೀಕ್ಷೆಯ ದಿನ ಹಲಗೆಯ ಮುಂದೆ ಕೂತಾಗ ಅವಳಿಗೆ ಕೈಯೊಂದೇ ಕಾಣುತ್ತಿತ್ತು, ಕೆಲಸವಲ್ಲ. ನಲ್ಲಿಯನ್ನು ಬೆರಳ ತುದಿಯಿಂದ, ಮಲಗಿದ ಮಗುವಿನ ಮುಷ್ಟಿಯಿಂದ ಗಿಲಕಿ ಬಿಡಿಸಿಕೊಳ್ಳುವಂತೆ ತಿರುಗಿಸಿದಳು. ಗಂಟು ಹಾಕಿದಳು, ಬಿಗಿಯಲಿಲ್ಲ. ಅಂಟುಪಟ್ಟಿಯನ್ನು ಅಂಟಿಸಿದಳು, ಒತ್ತಲಿಲ್ಲ. ಹನ್ನೆರಡು ನಿಮಿಷ ಹನ್ನೆರಡೇ ನಿಮಿಷ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಐವತ್ತರಲ್ಲಿ ಎರಡೇ ಸೋರಿದವು.

ಆ ದಿನ ಅವಳಿಗಾದ ಸಂತೋಷ! ತನ್ನ ಕೈ ಎಲ್ಲರ ಮುಂದೆ ಮರ್ಯಾದೆ ಉಳಿಸಿತು ಎಂದುಕೊಂಡಳು. ಮೇಡಂ ಸೀಲು ಒತ್ತಿದರು. ಆಸ್ಪತ್ರೆಗೆ ಮಾಲು ಹೋಯಿತು. ತಾನು ಮಾಡಿದ್ದು ಏನೆಂದು ಅವಳ ತಲೆಗೆ ಹೋಗಲು ಎರಡು ತಿಂಗಳು ಹಿಡಿಯಿತು. ಹೋದದ್ದು ತಂಗಿ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ ದಿನ.

ಅದು ಭಾನುವಾರದ ಮಧ್ಯಾಹ್ನ. ತಂಗಿ ಜಗಲಿಯಲ್ಲಿ ಕೂತು ನೀರು ಕುಡಿದಳು. ಬಲಗೈಯ ತೋರುಬೆರಳಿಗೆ ಸಣ್ಣ ಪಟ್ಟಿ.

"ಏನಾಯ್ತೇ ಬೆರಳಿಗೆ?"

"ಔಷಧಿ ಶೀಶೆ ಕುತ್ತಿಗೆ ಮುರೀವಾಗ ಕುಯ್ದಿತ್ತು. ಅದೇನಲ್ಲ. ಮರುದಿನ ಒಂದು ಹೆರಿಗೆ. ಗ್ಲೌಸು ಹಾಕ್ಕೊಂಡೇ ಇದ್ದೆ. ಮುಗಿಸಿ ತೆಗೆದ್ರೆ ಒಳಗೆಲ್ಲ ರಕ್ತ. ಗ್ಲೌಸಿನ ಬೆರಳ ಸಂದಿ ಹರಿದುಹೋಗಿದೆ, ಗೊತ್ತೇ ಆಗಿಲ್ಲ." ಅವಳು ಲೋಟ ಕೆಳಗಿಟ್ಟಳು. "ಆ ಬಾಣಂತಿಗೆ ರಕ್ತದಲ್ಲಿ ಕಾಮಾಲೆ ಇತ್ತಕ್ಕ. ಸೂಜಿ ಹಾಕಿಸ್ಕೊಂಡ್ರೆ ಬರದೇ ಇರೋ ಬಗೆ ಅಲ್ಲ, ಇನ್ನೊಂದು. ಅದಕ್ಕೆ ಸೂಜಿನೇ ಇಲ್ಲ. ಆರನೇ ವಾರಕ್ಕೆ ಒಂದು ಸಲ ರಕ್ತ ನೋಡ್ತಾರೆ, ಮೂರನೇ ತಿಂಗಳಿಗೆ ಇನ್ನೊಂದು ಸಲ."

ನೀರಕ್ಕ ಖಾಲಿ ಲೋಟ ಎತ್ತಿಕೊಂಡಳು.

"ಬಿಳೀ ಗ್ಲೌಸು, ಆ ಗಾಜಿನ ಥರದ್ದು. ಡಬ್ಬದ ಮೇಲೆ ನಿಮ್ಮ ಸೀಲಿದೆ. ನಾನು ವಾರ್ಡಲ್ಲಿ ಎಲ್ಲರಿಗೂ ಹೇಳಿದ್ದೆ, ನಮ್ಮಕ್ಕ ನೋಡಿದ ಮಾಲು, ಕಣ್ಮುಚ್ಚಿ ಹಾಕ್ಕೊಳ್ರೇ ಅಂತ." ತಂಗಿ ಅವಳ ಕಡೆ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ, ಬರೀ ಪ್ರಶ್ನೆ. "ನೀನೇ ಹಾಕ್ಕೊಂಡು ನೋಡಿದ್ದಲ್ವಾ?"

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದು ಹೇಳುವುದಕ್ಕೇ. ಹೊರಗೆ ಬಿದ್ದದ್ದು ಬೇರೆ.

"ಇಲ್ಲ ಕಣೇ. ಆವತ್ತು ನನಗೆ ಜ್ವರ. ಆ ಲಾಟು ಮೀಸೆ ಮಾವ ಹಾಕ್ಕೊಂಡು ನೋಡಿದ್ದು."

"ಆ ಮಾತಿನ ಮಲ್ಲನಾ?" ತಂಗಿ ಎದ್ದಳು. "ಅದಕ್ಕೇ ಮತ್ತೆ."

ಅವಳು ಹೋದ ಮೇಲೆ ನೀರಕ್ಕ ಲೋಟವನ್ನು ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

ಇದಾಗಿ ನಾಲ್ಕು ದಿನ. ಈ ಬೆಳಗ್ಗೆ ಕೆಚ್ಚಲಿನ ತಮಾಷೆ ಮಾಡಿದ ಮೀಸೆ ಮಾವ ಅದಾದ ಮೇಲೆ ಬಾಯಿ ಬಿಟ್ಟಿರಲಿಲ್ಲ. ಅವನು ಸುಮ್ಮನಿದ್ದರೆ ಕೋಣೆಯಲ್ಲಿ ನೀರು ತೊಟ್ಟಿಕ್ಕುವುದು ಕೂಡ ಕೇಳುತ್ತಿತ್ತು. ಮಧ್ಯಾಹ್ನ ಮೇಡಂ ಊಟಕ್ಕೆ ಇಳಿದು ಹೋದರು. ಅವನು ಬುತ್ತಿ ಬಿಚ್ಚಿದ, ಉಣ್ಣಲಿಲ್ಲ.

"ನಿನ್ನೆ ಸೇತುವೆ ಹತ್ರ ನಿನ್ನ ತಂಗಿ ಸಿಕ್ಕಿದ್ಳಮ್ಮಾ."

ನೀರಕ್ಕ ಅಳತೆಯ ಜಗ್ಗನ್ನು ಹಾಗೇ ಹಿಡಿದು ನಿಂತಳು.

"ಚೆನ್ನಾಗಿ ಬೈದ್ಳು. ದಾರೀಲಿ ಹೋಗೋರು ಸೈಕಲ್ ನಿಲ್ಲಿಸಿ ಕೇಳಿಸ್ಕೊಂಡ್ರು. ವಯಸ್ಸಾದ ಮೇಲೆ ಮನೇಲಿ ಬಿದ್ದಿರಬೇಕು, ಬಾಣಂತಿಯರ ಜೀವದ ಜೊತೆ ಆಟ ಆಡಬಾರದು ಅಂದ್ಳು. ಯಾವ ಕೈಲಿ ನೋಡಿದ್ರಿ ಅಂತ ಕೇಳಿದ್ಳು."

"ನೀವೇನಂದ್ರಿ?"

"ಹೂಂ ಅಂದೆ. ಇನ್ನೇನನ್ನಲಿ." ಅವನು ಬುತ್ತಿಯ ಮುಚ್ಚಳವನ್ನು ಮತ್ತೆ ಹಾಕಿದ. "ಕೈ ಜೇಬಲ್ಲಿತ್ತು. ತೆಗೀಲಿಲ್ಲ. ತೆಗೆದಿದ್ರೆ ನೋಡಿಬಿಡ್ತಿದ್ಳು, ಈ ಮೂರು ಬೆರಳಿಗೆ ಯಾವ ಗ್ಲೌಸೂ ಕೂರಲ್ಲ ಅಂತ. ಆಗ ನಿನ್ನ ಬಂಡವಾಳ ಬಯಲಾಗ್ತಿತ್ತು, ಅದೂ ಬೀದೀಲಿ."

ಅವಳು ಕೂತುಬಿಟ್ಟಳು. ಕೂರಲು ಸ್ಟೂಲು ಹತ್ತಿರವಿರಲಿಲ್ಲ, ನೆಲದ ಮೇಲೇ ಕೂತಳು. ಮಾವನ ಮುಖ ನೋಡಲಾಗದೆ ಅವನ ಚಪ್ಪಲಿ ನೋಡಿದಳು. ಒಂದರ ಬಾರಿಗೆ ತಂತಿ ಕಟ್ಟಿದ್ದ. ಇಪ್ಪತ್ತೈದು ವರ್ಷ ಬೀದಿಯಲ್ಲಿ ಯಾರಿಗೂ ತೋರಿಸದೆ ಮುಚ್ಚಿಟ್ಟುಕೊಂಡ ಕೈ ಅದು. ನಾಚಿಕೆಗೆ ಮುಚ್ಚಿಟ್ಟದ್ದು. ನಿನ್ನೆ ಮಾತ್ರ ಅವಳಿಗಾಗಿ ಮುಚ್ಚಿಟ್ಟಿದ್ದ.

"ಮಾವ, ನಾನು…"

"ನನಗೆ ಹೇಳ್ಬೇಡಮ್ಮಾ. ನನಗೆ ಗೊತ್ತು. ಆವತ್ತೇ ನೋಡಿದ್ದೆ, ನೀನು ಗಂಟು ಬಿಗೀತಿಲ್ಲ ಅಂತ. ಹೊತ್ತು ನೋಡೋನು ನಾನು, ಕೈ ನೋಡೋನಲ್ಲ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು. ನಿನ್ನ ತಂಗಿ ಬೈದಿದ್ರಲ್ಲಿ ಅಷ್ಟು ನನ್ನ ಪಾಲಿಗೂ ಬರುತ್ತೆ." ಅವನು ಎದ್ದ. "ಉಳಿದದ್ದು ನನ್ನದಲ್ಲ."

ಮೇಡಂ ಮೆಟ್ಟಿಲು ಹತ್ತಿ ಬರುವವರೆಗೆ ಅವಳು ಅಲ್ಲೇ ಕೂತಿದ್ದಳು. ಬಂದವರಿಗೆ ಕೂತಲ್ಲಿಂದಲೇ ಹೇಳಿದಳು. ನಲ್ಲಿ, ಗಂಟು, ಅಂಟುಪಟ್ಟಿ, ತಂಗಿಯ ಬೆರಳು, ಎಲ್ಲ. ಮೇಡಂ ನಡುವೆ ಒಂದೇ ಸಲ ಬಾಯಿ ಹಾಕಿದರು.

"ಯಾಕಕ್ಕಾ? ಆರು ವರ್ಷದಲ್ಲಿ ಒಂದು ದಿನಾನೂ ಹೀಗೆ ಮಾಡಿದವರಲ್ಲ."

"ಗ್ಲೌಸು ಹರಿದ್ರೆ ನನ್ನ ಕೈ ಅರ ಅಂತ ಆಗ್ತಿತ್ತಲ್ಲ ಮೇಡಂ."

ಮೇಡಂ ಮುಖ ಕೆಂಪಾಯಿತು. ಸೀದಾ ಹೋಗಿ ಆಸ್ಪತ್ರೆಗೆ ಫೋನು ಮಾಡಿ, ಆ ಲಾಟಿನ ಡಬ್ಬಗಳನ್ನು ಈ ಗಳಿಗೆಯಿಂದ ಮುಟ್ಟಬೇಡಿ ಎಂದರು. ಯಾಕೆಂದು ಆ ಕಡೆಯವರು ಕೇಳಿರಬೇಕು. "ನಮ್ಮ ತಪ್ಪು," ಎಂದರು. ಅವಳದು, ಇವನದು ಎನ್ನಲಿಲ್ಲ.

ಕಪಾಟಿನಲ್ಲಿ ಅದೇ ಲಾಟಿನ ಮಾದರಿ ಉಳಿದಿತ್ತು. ಮೇಡಂ ಐವತ್ತನ್ನು ಎಣಿಸಿ ಎರಡು ಪಾಲು ಮಾಡಿದರು. ಒಂದನ್ನು ನೀರಕ್ಕನ ಮುಂದಿಟ್ಟು, ಇನ್ನೊಂದನ್ನು ತಮ್ಮ ಮುಂದೆ ಎಳೆದುಕೊಂಡರು. ಉಂಗುರ ತೆಗೆದಿಟ್ಟರು. ಪೆನ್ನಿಗಿಂತ ಭಾರದ್ದನ್ನು ಎತ್ತದ ಕೈ ಅದು, ಬಾಳೆಯ ಸುಳಿಯ ಹಾಗೆ ನಯ.

ಆ ಮಧ್ಯಾಹ್ನವೂ ಮರುದಿನವೂ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ನೀರಕ್ಕ ಹೊರೆ ಬಿಗಿಯುವ ಹಾಗೆ ಗಂಟು ಬಿಗಿದಳು. ಮೇಡಂ ತಡವರಿಸಿದರು, ಬೆವೆತರು, ಬ್ಯಾಂಡೇಜು ಕೆಳಗೆ ಬೀಳಿಸಿ ಮತ್ತೆ ಸುತ್ತಿದರು, ಆದರೆ ಕಾಗದದಲ್ಲಿ ಬರೆದಷ್ಟು ಒತ್ತಿಯೇ ಮಾಡಿದರು. ಮೀಸೆ ಮಾವ ನೀರು ತುಂಬಿ ತೂಗು ಹಾಕಿದ, ಗಡಿಯಾರ ನೋಡಿದ, ಒಂದೂ ತಮಾಷೆ ಆಡಲಿಲ್ಲ. ಬೆರಳ ಸಂದಿಗಳಲ್ಲಿ ಹನಿ ಕಾಣಿಸಿಕೊಂಡು, ಉದ್ದವಾಗಿ, ಕೆಳಗಿನ ತಗಡಿನ ತಟ್ಟೆಗೆ ಬೀಳತೊಡಗಿತು.

ನೀರಕ್ಕನ ಇಪ್ಪತ್ತೈದರಲ್ಲಿ ಹನ್ನೊಂದು. ಮೇಡಂರ ಇಪ್ಪತ್ತೈದರಲ್ಲಿ ಹನ್ನೆರಡು.

ನೀಲಿ ನೈಟ್ರೈಲಿನ ಇಪ್ಪತ್ತೈದನ್ನೂ ರಬ್ಬರಿನ ಇಪ್ಪತ್ತೈದನ್ನೂ ಹೋಲಿಕೆಗೆಂದು ಅವಳೇ ಹಾಕಿಕೊಂಡು ದುಡಿದಳು. ನೈಟ್ರೈಲಿನಲ್ಲಿ ಒಂದೂ ಸೋರಲಿಲ್ಲ, ರಬ್ಬರಿನಲ್ಲಿ ಒಂದು.

ಮೇಡಂ ತಮ್ಮ ಅಂಗೈ ನೋಡಿಕೊಂಡರು. "ತಪ್ಪು ಕೈಯದ್ದಲ್ಲ ಅಕ್ಕಾ. ಮೊದಲಿಂದಲೂ ಕೈಯದ್ದಾಗಿರಲಿಲ್ಲ." ತೆಗೆದಿಟ್ಟ ಉಂಗುರ ಹಾಕಿಕೊಳ್ಳುತ್ತಾ, "ಆವತ್ತು ನಾನು ಆ ಮಾತು ಆಡಬಾರದಿತ್ತು," ಎಂದರು.

ಅದನ್ನು ಕೇಳಿ ಹಗುರಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿ ತಪ್ಪಿದ್ದಿದ್ದರೆ ಅದನ್ನು ಮುಚ್ಚಿಟ್ಟದ್ದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಏನೂ ಇಲ್ಲದ ಕೈಗಾಗಿ ತಂಗಿಯ ಬೆರಳನ್ನು ಕೊಟ್ಟಂತಾಗಿತ್ತು.

ಸಂಜೆಗೆ ಮುಂಚೆ, ತಂಗಿಯ ಪಾಳಿ ಮುಗಿಯುವ ಹೊತ್ತಿಗೆ, ಅವಳು ಆಸ್ಪತ್ರೆಯ ಹಿಂದಿನ ನರ್ಸುಗಳ ವಸತಿಗೆ ಹೋದಳು. ತಂಗಿ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನೀರಕ್ಕ ಒಂದು ತುದಿ ಹಿಡಿದಳು. ಇಬ್ಬರೂ ಹಾಸಿಗೆಯ ಹೊದಿಕೆ ಮಡಚುತ್ತಾ ಹತ್ತಿರವಾಗುವಾಗ, ಮಾವನ ಕೈಯವರೆಗೆ ಎಲ್ಲ ಹೇಳಿದಳು. ನಿಂತು ಹೇಳಲು ಧೈರ್ಯವಿರಲಿಲ್ಲ. ಕೈಗೆ ಕೆಲಸ ಬೇಕಿತ್ತು.

ತಂಗಿ ಹೊದಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ಆ ಮಾವನ ಕೈಲಿ ಬೆರಳಿಲ್ವಾ?"

"ಎರಡಿಲ್ಲ."

"ನಾನು ಅವರನ್ನ, ಯಾವ ಕೈಲಿ ನೋಡಿದ್ರಿ ಅಂತ…" ಅವಳು ಕಣ್ಣು ಮುಚ್ಚಿಕೊಂಡಳು. "ಸೇತುವೆ ಮೇಲೆ ಅಷ್ಟು ಜನ ಇದ್ರು ಅಕ್ಕ. ಅಪ್ಪನ ವಯಸ್ಸಿನವರು."

"ತಪ್ಪು ನಂದು."

"ನಮ್ಮಕ್ಕನ ಕೈ ಸುಳ್ಳು ಹೇಳಲ್ಲ ಅಂದಿದ್ದೆ ನಾನು. ಎದೆ ತಟ್ಕೊಂಡು ಅಂದಿದ್ದೆ."

"ಕೈನೂ ಹೇಳ್ತು ಕಣೇ. ಬಾಯಿನೂ ಹೇಳ್ತು."

ತಂಗಿ ಹೊದಿಕೆಯನ್ನು ಒಬ್ಬಳೇ, ಮೂಲೆಗೆ ಮೂಲೆ ಕೂಡಿಸಿ, ಮೊದಲಿನಿಂದ ಮಡಚಿದಳು. ಒಳಗೆ ಬಾ ಎನ್ನಲಿಲ್ಲ. ನೀರಕ್ಕ ಸ್ವಲ್ಪ ಹೊತ್ತು ನಿಂತಿದ್ದು ಬಂದಳು.

ಮರುದಿನ ಬೆಳಗ್ಗೆ ಹತ್ತಕ್ಕೆ ಮಹಡಿಯ ಮೆಟ್ಟಿಲಲ್ಲಿ ಸಪ್ಪಳವಾಯಿತು. ತಂಗಿ ಬಿಳಿಯ ಸಮವಸ್ತ್ರದಲ್ಲೇ ಬಂದಿದ್ದಳು. ಮೀಸೆ ಮಾವ ಅವಳನ್ನು ಕಂಡವನೇ ಬಲಗೈಯನ್ನು ಜೇಬಿಗೆ ಹಾಕಿದ.

"ಮಾವ, ಅವತ್ತು ಆಡಿದ್ದು ವಾಪಸ್ ತಗೊಳ್ಳೋಕೆ ಬಂದೆ. ಅಲ್ಲಿದ್ದವರಿಗೂ ಹೇಳ್ತೀನಿ. ಸೈಕಲ್ ರಿಪೇರಿಯವನಿಗೆ ಈಗಲೇ ಹೇಳಿ ಬಂದೆ, ಅವನ ಬಾಯಿಗೆ ಬಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ."

"ಎಲ್ಲಾ ವಾಪಸ್ ಬೇಡಮ್ಮಾ," ಎಂದ ಮೀಸೆ ಮಾವ. "ಮುದುಕ ಅಂದಿದ್ದೊಂದು ನನ್ನ ಹತ್ರವೇ ಇರಲಿ. ಅದು ನಿಜ." ಎಂದು ಕೈಯನ್ನು ಜೇಬಿನಿಂದ ತೆಗೆದು, ಮೂರು ಬೆರಳಲ್ಲಿ ಮೀಸೆ ನೇವರಿಸಿಕೊಂಡ. ತಂಗಿ ಆ ಕೈಯನ್ನು ನೋಡಿದಳು. ನರ್ಸುಗಳು ನೋಡುವ ಹಾಗೆ, ಕಣ್ಣು ತಪ್ಪಿಸದೆ.

ಅಲ್ಲಿಗೆ ಒಂದು ಋಣ ತೀರಿತು. ಅದನ್ನು ತೀರಿಸಿದವಳು ತಂಗಿ, ಮಾಡಿದವಳು ಅಕ್ಕ. ಹಲಗೆಯ ಮುಂದೆ ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡು ಕೂತಿದ್ದ ನೀರಕ್ಕನಿಗೆ ಅದು ಗೊತ್ತಿತ್ತು. ತಂಗಿ ಮೇಡಂಗೆ ಬರ್ತೀನಿ ಎಂದಳು, ಮಾವನಿಗೆ ಬರ್ತೀನಿ ಎಂದಳು. ಅಕ್ಕನ ಕಡೆ ನೋಡದೆ ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ಹೊರಗೆ ಮುಖ ಮಾಡಿಕೊಂಡೇ,

"ಆರು ವಾರದ ರಕ್ತಕ್ಕೆ ಮುಂದಿನ ತಿಂಗಳು ಹನ್ನೆರಡನೇ ತಾರೀಖು ಹೇಳಿದಾರೆ," ಎಂದಳು. "ಆವತ್ತು ಜೊತೆಗೆ ಬಾ. ಒಬ್ಬಳೇ ಕೂತಿರೋಕೆ ನನಗಾಗಲ್ಲ."

"ಬರ್ತೀನಿ," ಎಂದಳು ನೀರಕ್ಕ. ತಂಗಿಗೆ ಕೇಳಿತೋ ಇಲ್ಲವೋ, ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕಿಟಕಿಯ ಆಚೆ ಹೊಟ್ಟು ಹಾರುತ್ತಿತ್ತು. ಮೀಸೆ ಮಾವ ಗಡಿಯಾರ ಎತ್ತಿಕೊಂಡ.

"ಶುರು ಮಾಡ್ಲಾ?"

"ಮಾಡಿ," ಎಂದಳು. ಮೊದಲ ನಲ್ಲಿಯನ್ನು ಹಿಡಿದು, ನಿಲ್ಲುವವರೆಗೆ ತಿರುಗಿಸಿದಳು.